ಒಂದು ವರ್ಷ ನಿನ್ನದು

ಐನಾರ್ ತೀರಿಕೊಂಡ ಅಮ್ಮನ ಕೊನೆಯ ಡ್ರಾಯರನ್ನೂ ಹಾಸಿಗೆಯ ಮೇಲೆ ಕವುಚಿದ. ಉಣ್ಣೆಯ ಕಾಲುಚೀಲ, ಗುಂಡಿಗಳು, ಸವೆದ ಕೈಗವಸು. ಚಿನ್ನದ ಪದಕ ಮಾತ್ರ ಇಲ್ಲ.

"ಮಾರ್ಕೊಂಡ್‌ಬಿಟ್ಲೇನೋ!"

"ಅಮ್ಮ ಮಾರೋದಾ? ಸುಮ್ನೆ ಕೋಟ್ ಹಾಕ್ಕೊ, ಚರ್ಚಿಗೆ ಹೊತ್ತಾಯ್ತು," ಎಂದಳು ತಂಗಿ ಸಿಗ್ರಿಡ್.

ಅವರಮ್ಮ ಗುಡ್ರುನ್ ಬದುಕೆಲ್ಲ ಶಾಲೆಯ ಬಸ್ಸು ಓಡಿಸಿದವಳು. ಒಂದು ಚಳಿಗಾಲದಲ್ಲಿ, ಮಂಜುಗಡ್ಡೆಯ ಮೇಲೆ ಗುರಿಯತ್ತ ಕಲ್ಲು ಜಾರಿಸುವ ಕರ್ಲಿಂಗ್ ಆಡಿ ಕೆನಡಾ ದೇಶವನ್ನೇ ಗೆದ್ದುಬಂದಳು. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮೂರು ಯಾರಿಗೇನು ಕಡಿಮೆ? ಹೆದ್ದಾರಿಯಲ್ಲಿ ಅವಳ ಹೆಸರಿನ ಬೋರ್ಡು ನಿಲ್ಲಿಸಿತು. ಈಗ ಪದಕವಿಲ್ಲದೆ ಅವಳನ್ನು ಮಣ್ಣಿಗೆ ಕಳಿಸುವುದು ಹೇಗೆಂದು ಊರಿಗೆಲ್ಲ ಚಿಂತೆ. ಅದನ್ನು ಎದೆಯ ಮೇಲಿಟ್ಟೇ ಕಳಿಸುತ್ತೇನೆಂದು ಸಿಗ್ರಿಡ್ ಮಾತು ಕೊಟ್ಟಿದ್ದಳು.

ಚರ್ಚಿನ ಬಾಗಿಲಲ್ಲಿ ಹಿಮ ಕೊಡವಿಕೊಳ್ಳುತ್ತ ಮುದುಕಿಯೊಬ್ಬಳು ನಿಂತಿದ್ದಳು. ಅಮ್ಮನೆದುರು ಫೈನಲ್ ಸೋತ ಓಲ್ಗಾ. ಕೈಚೀಲದಿಂದ ಪದಕ ತೆಗೆದು ಸಿಗ್ರಿಡ್ ಕಡೆ ಚಾಚಿದಳು.

"ತಗೋ ಮಗಳೇ. ಅವಳ ಎದೆ ಮೇಲಿಡು."

"ಇದು ನಿಮ್ಮತ್ರ ಹೇಗೆ ಬಂತು?" ಐನಾರ್ ದುರುಗುಟ್ಟಿದ.

ಓಲ್ಗಾ ನಿಂತಲ್ಲೇ ಹೇಳಿದಳು.

* * *

ಆ ಫೈನಲ್ಲಿನ ಕೊನೆಯ ಕಲ್ಲು ಓಲ್ಗಾಳ ತಂಡದ್ದು. ಅದು ಜಾರಲೆಂದು ಮುಂದೆ ಪೊರಕೆಯಿಂದ ಮಂಜುಗಡ್ಡೆ ಉಜ್ಜುತ್ತ ಓಡಿದವಳು ಅವಳೇ. ಕಲ್ಲು ಗುರಿಯ ನಡುವೆ ನಿಂತಿತು, ಜನ ಕುಣಿದರು. ಓಲ್ಗಾ ಕೈಯೆತ್ತಿದಳು.

"ನನ್ನ ಪೊರಕೆ ಕಲ್ಲಿಗೆ ತಾಗ್ತು."

ಯಾರೂ ನೋಡಿರಲಿಲ್ಲ. ಆದರೆ ಈ ಆಟದಲ್ಲಿ ತಪ್ಪು ಮಾಡಿದವರೇ ಹೇಳಬೇಕು. ಪೊರಕೆ ತಾಗಿದ ಕಲ್ಲು ಲೆಕ್ಕಕ್ಕಿಲ್ಲವೆಂದು ಅದನ್ನು ತೆಗೆದರು. ಗುಡ್ರುನ್ ಗೆದ್ದಳು.

ಪದ್ಧತಿಯಂತೆ ಗೆದ್ದವಳು ಸೋತವಳಿಗೆ ಕುಡಿಯಲು ಕೊಡಿಸಿದಳು. ಲೋಟದ ಪಕ್ಕ ಪದಕವನ್ನೂ ಇಟ್ಟಳು.

"ಒಂದು ವರ್ಷ ನಿನ್ನದು, ಒಂದು ವರ್ಷ ನನ್ನದು."

"ನಿಂಗೆ ಹುಚ್ಚೇನೇ? ಗೆದ್ದೋಳು ನೀನು."

"ನೀನು ಬಾಯ್ಬಿಟ್ಟಿದ್ದಕ್ಕೆ ಗೆದ್ದೆ. ಜನವರಿಗೆ ವಾಪಸ್ ತಗೊಂಡ್ ಬಾ. ಇಲ್ಲಾಂದ್ರೆ ನಾನೇ ಬಂದು ಕಿತ್ಕೋತೀನಿ!"

* * *

"ಈ ವರ್ಷ ನನ್ನ ಸರದಿ," ಎಂದಳು ಓಲ್ಗಾ. "ಬರೋ ಜನವರಿಗೆ ಯಾರತ್ರ ಬರ್ಲಿ, ಹೇಳು? ಅವಳೇ ಇಟ್ಕೊಳ್ಳಲಿ."

ಐನಾರ್ ಕೈ ಚಾಚಿದ. ಊರೆಲ್ಲ ನೋಡುತ್ತಿತ್ತು. ಸಿಗ್ರಿಡ್ ಅಣ್ಣನ ಕೈ ಸರಿಸಿ, ಮುದುಕಿಯ ಬೆರಳುಗಳನ್ನು ಪದಕದ ಮೇಲೆ ಮಡಿಸಿದಳು.

"ಸರದಿ ಅಂದ್ರೆ ಸರದಿ, ಆಂಟಿ. ಜನವರಿಗೆ ನಂಗೆ ತಂದ್ಕೊಡಿ. ಇಲ್ಲಾಂದ್ರೆ ನಾನೇ ಬಂದು ಕಿತ್ಕೋತೀನಿ."

"ನಂಗೆ ಎಂಬತ್ತಾಯ್ತು ಕಣೇ!"

"ಹಾಗಾದ್ರೆ ಗಾಡಿ ನಿಧಾನ ಓಡ್ಸಿ."

ಗುಡ್ರುನ್ ಪದಕವಿಲ್ಲದೆಯೇ ಹೋದಳು. ಆಮೇಲೆ ಕರ್ಲಿಂಗ್ ಕ್ಲಬ್ಬಿನಲ್ಲಿ ಸಿಗ್ರಿಡ್ ಎರಡು ಲೋಟ ತಂದಿಟ್ಟಳು. ಇಷ್ಟು ವರ್ಷ ಕೈಚೀಲದಿಂದಾಚೆ ತೆಗೆಯದ ಪದಕವನ್ನು ಓಲ್ಗಾ ಕೋಟಿನ ತೋಳಿಗೆ ಉಜ್ಜಿ, ಎಲ್ಲರೆದುರು ಕೊರಳಿಗೆ ಹಾಕಿಕೊಂಡು ಲೋಟ ಎತ್ತಿದಳು.