ಇಂದುಧರರ ಮೂರು ರೀಲುಗಳು

ಪ್ರಶ್ನೆ ಯಾರನ್ನು ಕೇಳಿದರೂ ಉತ್ತರ ಇಂದುಧರರದೇ ಆಗಿರುತ್ತಿತ್ತು. ಹೋಟೆಲಿನಲ್ಲಿ ಪಕ್ಕದವರಿಗೇನು ಬೇಕೆಂಬುದನ್ನು ಅವರೇ ಹೇಳುವರು. ಎಷ್ಟನೆಯ ಕ್ಲಾಸೆಂದು ಮಗಳು ಶೀತಲ್‌ಳನ್ನು ಕೇಳಿದರೆ, ಅವಳು ಬಾಯಿ ತೆರೆಯುವಷ್ಟರಲ್ಲಿ ಇವರು ಹೇಳಿ ಮುಗಿಸಿರುವರು. ಗದಗದವರಾದ, ಸ್ಯಾನ್ ಡಿಯಾಗೋ ಪಕ್ಕದ ಪೊವೇಯ ಟೆಲಿಕಾಂ ಕಂಪನಿಯೊಂದರಲ್ಲಿ ಹಿರಿಯ ಎಂಜಿನಿಯರಾಗಿದ್ದ ಈ ಮನುಷ್ಯ ನಡೆಯುವಾಗಲೂ ಜೊತೆಯವರಿಗಿಂತ ಎರಡು ಹೆಜ್ಜೆ ಮುಂದೆ, ಅಲ್ಲಿನ ಬಿಸಿಲಿನಲ್ಲೂ ಮೈಮೇಲೆ ಕಂದು ಉಣ್ಣೆಯ ಕೋಟು, ಮಾತಿಗೊಮ್ಮೆ "ಅಂದ್ರ ಹೇಳತೇನಿ, ಕೇಳ್ರಿ." ಕೇಡಿಗತನದ ಲವಲೇಶವೂ ಅವರಲ್ಲಿರಲಿಲ್ಲ. ನಾನು ಹೊಸದಾಗಿ ಬಂದಾಗ ನನ್ನ ಡ್ರೈವಿಂಗ್ ಲೈಸೆನ್ಸಿನ ಅರ್ಜಿಯನ್ನು ಒಂದು ಮಾತೂ ಕೇಳದೆ ತುಂಬಿಕೊಟ್ಟವರು ಅವರೇ, ನನ್ನ ಎತ್ತರಕ್ಕೆ ಎರಡು ಇಂಚು ಸೇರಿಸಿ.

ಲಾಸ್ ಏಂಜಲೀಸಿನಲ್ಲಿ ಬಾಗಿಲು ಮುಚ್ಚಿದ ಫಿಲ್ಮ್ ಕ್ಲಬ್ಬೊಂದರಿಂದ ಅವರು ಹಳೆಯ ಪ್ರೊಜೆಕ್ಟರನ್ನೂ ಒಂದು ಬ್ರಿಟಿಷ್ ಕಪ್ಪು-ಬಿಳುಪು ಚಿತ್ರದ ಮೂರು ರೀಲುಗಳನ್ನೂ ತಂದಿದ್ದರು. ಮಂಜು ಮುಸುಕಿದ ಊರಿನ ನ್ಯಾಯಾಧೀಶನೊಬ್ಬ ತನ್ನ ಮೌನಿ ಹೆಂಡತಿಯ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ನಂಬಿ ವೈದ್ಯರನ್ನು ಕರೆಸುವ ಕಥೆ. ಅದನ್ನು ಹನ್ನೊಂದು ಸಲ ನೋಡಿದ್ದ ಇಂದುಧರರು ರೀಲು ಬದಲಿಸುವ ವಿರಾಮದಲ್ಲಿ, ಆ ಬಡಪಾಯಿ ಗಂಡನ ವೇದನೆಯನ್ನು ನೆರಳು-ಬೆಳಕಿನ ವಿನ್ಯಾಸ ಸಹಿತ ನಮಗೆ ವಿವರಿಸುವರು.

೨೦೦೫ರ ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ನಾವು ಏಳೆಂಟು ಜನ ಅವರ ಮನೆಯ ಹಾಲ್‌ನಲ್ಲಿ ಸೇರಿದ್ದೆವು. ಎರಡನೆಯ ರೀಲು ಮುಗಿದಾಗ, ಅಂದು ಮೊದಲ ಬಾರಿಗೆ ನಮ್ಮೊಡನೆ ಕುಳಿತು ಚಿತ್ರ ನೋಡಿದ್ದ ಅವರ ಪತ್ನಿ ದ್ರಾಕ್ಷಾಯಣಿಯವರನ್ನು ನಾನು ಕೇಳಿದೆ: "ನಿಮಗೇನನ್ನಿಸ್ತು, ಮೇಡಂ?"

"ಅಕೀಗೆ ಇಂಥಾ ಪಿಕ್ಚರ್ ಸೇರೂದಿಲ್ಲ ಬಿಡ್ರಿ," ಎಂದರು ಇಂದುಧರರು, ರೀಲು ಸಿಕ್ಕಿಸುತ್ತ.

"ಸೇರತದ," ಎಂದರು ಆಕೆ. "ಆ ಹೆಣ್ಣುಮಗಳಿಗೆ ಹುಚ್ಚಿಲ್ಲ. ಡಾಕ್ಟರ್ ಅಕೀನ್ನ ಆರು ಪ್ರಶ್ನೆ ಕೇಳಿದ್ರು. ಆರಕ್ಕೂ ಗಂಡನೇ ಉತ್ತರ ಕೊಟ್ಟ." ಆಮೇಲೆ ಗಂಡನ ಕಡೆ ತಿರುಗಿ, ಅದೇ ಶಾಂತ ದನಿಯಲ್ಲಿ, "ನನಗ ನಾರ್ತ್‌ರಿಜ್‌ದಾಗ ಸೀಟು ಬೇಡಂತ ಬರದವರು ಯಾರ್ರೀ?"

ಹುಬ್ಬಳ್ಳಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಆಕೆ ಇಲ್ಲಿ ಮತ್ತೆ ಓದಲು ನಾರ್ತ್‌ರಿಜ್‌ನ ವಿಶ್ವವಿದ್ಯಾಲಯಕ್ಕೆ ಅಪ್ಲೈ ಮಾಡಿದ್ದರು. ಸೀಟು ಸಿಕ್ಕಿತ್ತು. ಪತ್ರ ಒಡೆದ ಇಂದುಧರರು, ಅಷ್ಟು ದೂರದಲ್ಲಿ ಇವಳಿಗೆ ಒಂಟಿಯಾಗಿ ಇರಲಾಗದೆಂದು ತಾವೇ ನಿರ್ಧರಿಸಿ, ಆಕೆಯ ಹೆಸರಿನಲ್ಲಿ ನಿರಾಕರಿಸಿ ಬರೆದಿದ್ದರು. ಆ ನಿರಾಕರಣೆ ತಲುಪಿತೆಂದು ವಿಶ್ವವಿದ್ಯಾಲಯ ಬರೆದ ಪತ್ರ ಹಿಂದಿನ ದಿನ ಆಕೆಯ ಕೈಗೇ ಸಿಕ್ಕಿತ್ತು.

ಮಾತಿಗೆ ಎಂದೂ ತಡಕಾಡದ ಆ ಮನುಷ್ಯ "ನಾ... ನಿನಗ ತ್ರಾಸ ಆಗ್ತದಂತ..." ಎಂದು ನಿಲ್ಲಿಸಿದರು.

"ತ್ರಾಸ ಆಗತದೋ ಇಲ್ಲೋ, ನನ್ನ ಕೇಳಬೇಕಿತ್ತು."

ಮೂರನೆಯ ರೀಲನ್ನು ವಿವರಣೆಯಿಲ್ಲದೆ ನೋಡಿದೆವು. ಅದರಲ್ಲಿ ಆ ಹೆಂಡತಿ ಏನಾದಳೆಂಬುದು, ನಿಜ ಹೇಳಬೇಕೆಂದರೆ, ನನಗೆ ನೆನಪಿಲ್ಲ.

ಮರುದಿನ ಇಂದುಧರರು ರಜೆ ಹಾಕಿ, ಮೂರು ತಾಸು ಕಾರು ಓಡಿಸಿ ಹೆಂಡತಿಯನ್ನು ನಾರ್ತ್‌ರಿಜ್‌ಗೆ ಕರೆದೊಯ್ದರು. ವಿಶ್ವವಿದ್ಯಾಲಯದ ಕೌಂಟರಿನ ಹೆಂಗಸು ವಿಷಯವೇನೆಂದು ಕೇಳಿದಾಗ ನಡೆದದ್ದನ್ನು ಇಂದುಧರರೇ ಮುಂದೊಂದು ದಿನ ಡೆಲ್ ಮಾರ್‌ನ ಕಡಲತೀರದಲ್ಲಿ ಅಡ್ಡಾಡುತ್ತ ನನಗೆ ಹೇಳಿದರು: "ಉತ್ತರ ತುಟಿತನಾ ಬಂದಿತ್ತು, ಸರ್. ಅಲ್ಲೇ ನಿಂತಿದ್ರ ತಡಕೊಳ್ಳಾಕ ಆಗತಿರಲಿಲ್ಲ. ಹೊರಗ ಹೋಗಿ ನಿಂತೆ."

ಆ ವರ್ಷದ ಸೀಟು ಬೇರೆಯವರ ಪಾಲಾಗಿತ್ತು. ದ್ರಾಕ್ಷಾಯಣಿಯವರು ಮತ್ತೆ ಅಪ್ಲೈ ಮಾಡಿ, ೨೦೦೬ರಲ್ಲಿ ಸೇರಿ, ತಮ್ಮ ಅರ್ಧ ವಯಸ್ಸಿನ ಹುಡುಗಿಯರೊಡನೆ ಅಪಾರ್ಟ್‌ಮೆಂಟ್ ಹಂಚಿಕೊಂಡು, ೨೦೦೮ರಲ್ಲಿ ಪದವಿ ಪಡೆದರು. ಆ ಎರಡು ವರ್ಷ ವಾರವಿಡೀ ಅಡುಗೆ ಮಾಡಿದ ಇಂದುಧರರು ರೊಟ್ಟಿ ಬಡಿಯುವುದನ್ನು ಮಾತ್ರ ಕೊನೆಗೂ ಕಲಿಯಲಿಲ್ಲ.

ಪ್ರೀತಿಸುವುದೆಂದರೆ ಇನ್ನೊಬ್ಬರ ಮನಸ್ಸನ್ನು ಅವರಿಗಿಂತ ಮೊದಲೇ ತಿಳಿದುಬಿಡುವುದು ಎಂದು ನಂಬಿದ ಸಜ್ಜನರು ಲೋಕದಲ್ಲಿ ಬಹಳ. ಅವರು ಕೂಗಾಡುವುದಿಲ್ಲ, ಕೈ ಎತ್ತುವುದಿಲ್ಲ. ಆದ್ದರಿಂದ ಅವರಿಂದಾಗುವ ಅನ್ಯಾಯಕ್ಕೆ ಹೆಸರೂ ಇಲ್ಲ, ಸಾಕ್ಷಿಯೂ ಇಲ್ಲ. ಎದುರಿನವರು ಸುಮ್ಮನಿರುವುದನ್ನೇ ಸಮ್ಮತಿಯೆಂದು ಎಣಿಸಿ ಅವರು ನೆಮ್ಮದಿಯಿಂದ ಮುದುಕರಾಗುತ್ತಾರೆ. ಐವತ್ತೊಂದನೆಯ ವಯಸ್ಸಿನಲ್ಲಿ ಅವರಲ್ಲೊಬ್ಬ ಬಾಯಿ ಮುಚ್ಚಿಕೊಂಡು ಬಾಗಿಲಾಚೆ ಹೋಗಿ ನಿಂತದ್ದು ಸಣ್ಣ ಸಂಗತಿಯೆಂದು ನಾನು ಹೇಳಲಾರೆ. ದೊಡ್ಡದೆಂದು ಹೇಳುವ ಹಕ್ಕು, ಒಂದು ವರ್ಷ ಕಳೆದುಕೊಂಡವರದು.