ಎಡಗಡೆಯ ಗಂಟು

ಚಿಕ್ಕಪ್ಪ ಹಾಲಿನ ಕೋಣೆಯ ಬಾಗಿಲಿಗೆ ಒರಗಿ ನಿಂತು, "ಭಾನುವಾರ ಬೆಳಿಗ್ಗೆ ಲಾರಿ ತರ್ತೀನಿ ಅತ್ತಿಗೆ. ಒಂಬತ್ತು ಹಸುನೂ ಒಂದೇ ಸಲಕ್ಕೆ ನನ್ನ ಕೊಟ್ಟಿಗೆಗೆ ಸಾಗಿಸಿಬಿಡಬಹುದು," ಎಂದರು. ದೊಡ್ಡಮ್ಮ ಕ್ಯಾನಿನೊಳಗೆ ಮೊಣಕೈವರೆಗೆ ಕೈ ಬಿಟ್ಟು ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

ದೊಡ್ಡಪ್ಪ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ವಾರಕ್ಕೆಂದು ಬಂದ ನಾನು ಅಲ್ಲೇ ಉಳಿದುಬಿಟ್ಟಿದ್ದೆ. ಎಂ.ಎ. ಮುಗಿದಿತ್ತು. ಮುಂದೇನು ಎಂದು ಕೇಳದ ಮನೆ ನನ್ನ ಪಾಲಿಗೆ ಅದೊಂದೇ ಆಗಿತ್ತು. ದೊಡ್ಡಮ್ಮ ಹೆಚ್ಚು ಮಾತಿನವಳಲ್ಲ. ಅವಳ ಮೌನದೊಳಗೆ ನನಗೆ ಹಾಯಾಗಿ ಕೂರಲು ಜಾಗವಿತ್ತು. ಅದೇ ಮೌನದೊಳಗೆ ಚಿಕ್ಕಪ್ಪನೂ ಲಾರಿ ತಂದು ನಿಲ್ಲಿಸಬಹುದು ಎಂಬುದು ಹೊಳೆದದ್ದು ಆಗಲೇ. ಸುಮ್ಮನಿದ್ದರೆ ಒಪ್ಪಿದಂತೆ ಎಂದು ಅವರು ತಿಳಿದಿದ್ದರು.

ಚಿಕ್ಕಪ್ಪ ಕೆಟ್ಟವರಲ್ಲ. ದೊಡ್ಡಪ್ಪನ ಒಡಹುಟ್ಟಿದ ತಮ್ಮ. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಅವರದು ನೂರೈವತ್ತು ಹಸುಗಳ ಕೊಟ್ಟಿಗೆ. ಕೋಣೆಯಷ್ಟು ದೊಡ್ಡ ಹುಲ್ಲಿನ ಉರುಳೆಗಳನ್ನು ಸುತ್ತಿ ಉಗುಳುವ ಹೊಸ ಯಂತ್ರವೂ ಇತ್ತು. ಆ ಯಂತ್ರ ಮಾತ್ರ ನಮ್ಮ ಮೇಲಿನ ಹುಲ್ಲಿನ ಹೊಲಕ್ಕೆ ಬರುವಂತಿರಲಿಲ್ಲ.

"ಗೇಟಿನಲ್ಲೇ ತೂರಲ್ಲ. ತೂರಿದ್ರೂ ಆ ಇಳಿಜಾರಲ್ಲಿ ಮಗುಚಿ ಬೀಳುತ್ತೆ," ಎಂದರು.

"ಕುಣಿಯಲಾರದವಳಿಗೆ ನೆಲ ಡೊಂಕಂತೆ," ಎಂದಳು ದೊಡ್ಡಮ್ಮ ಕ್ಯಾನಿನೊಳಗಿಂದಲೇ. ದನಿ ತಗಡಿಗೆ ಬಡಿದು ಗುಂಯ್‌ಗುಟ್ಟಿತು.

ಚಿಕ್ಕಪ್ಪ ನಕ್ಕರು. "ಆಯ್ತು, ನನ್ನ ಯಂತ್ರಕ್ಕೆ ಕುಣಿಯೋಕೆ ಬರಲ್ಲ. ಮತ್ತೆ ಹುಲ್ಲು ಕೊಯ್ದು ಒಣಗಿಸಿ ಕಟ್ಟೋ ಕೆಲಸ ಯಾರು ಮಾಡ್ತಾರೆ? ಹುಲ್ಲಿಲ್ಲದೆ ಚಳಿಗಾಲಕ್ಕೆ ಹಸುಗಳಿಗೆ ಏನು ಹಾಕ್ತೀರಿ, ನಿಮ್ಮ ಗಾದೆಗಳನ್ನಾ?"

"ನಾನು ಮಾಡ್ತೀನಿ," ಎಂದೆ.

ಇಬ್ಬರೂ ನನ್ನತ್ತ ತಿರುಗಿದರು. ಆ ಮಾತು ನನಗೂ ಹೊಸದೇ.

"ದೊಡ್ಡಪ್ಪನ ಯಂತ್ರಗಳು ಇವೆಯಲ್ಲ. ಟ್ರ್ಯಾಕ್ಟರ್ ಓಡಿಸೋಕೆ ಬರುತ್ತೆ ನಂಗೆ."

"ಗೊಬ್ಬರ ಹೊತ್ತು ಹಾಕೋಕೂ ಹುಲ್ಲು ಕಟ್ಟೋಕೂ ವ್ಯತ್ಯಾಸ ಇದೆ ತಾಯಿ. ಅಣ್ಣ ಇದ್ದಾಗಲೇ ಅವು ಅವನೊಬ್ಬನ ಮಾತು ಕೇಳ್ತಿದ್ವು."

ದೊಡ್ಡಮ್ಮ ಕ್ಯಾನನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. "ಶನಿವಾರದೊಳಗೆ ಕೊಟ್ಟಿಗೆ ಅಟ್ಟದ ಕಿಟಕಿವರೆಗೆ ಹುಲ್ಲು ಬಂದ್ರೆ ಹಸು ಇಲ್ಲೇ ಇರ್ತವೆ. ಬರದಿದ್ರೆ ನೀನು ಲಾರಿ ತಾ," ಎಂದಳು. ಆ ನಾಲ್ಕು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಶೆಡ್ಡಿನಲ್ಲಿ ಮೂರು ಯಂತ್ರಗಳಿದ್ದವು. ಕತ್ತರಿ ಹಲ್ಲುಗಳ ಉದ್ದ ಪಟ್ಟಿಯನ್ನು ಪಕ್ಕಕ್ಕೆ ಚಾಚಿಕೊಂಡಿದ್ದ ಕೊಯ್ಯುವ ಯಂತ್ರ. ಕೊಯ್ದದ್ದನ್ನು ಗೋರಿ ಸಾಲು ಮಾಡುವ ಮುಳ್ಳುಚಕ್ರ. ಗೋಡೆಗೆ ತಾಗಿ, ಗೋಣಿಚೀಲ ಹೊದ್ದುಕೊಂಡು, ಪೆಂಡಿ ಕಟ್ಟುವ ಯಂತ್ರ. ಅದು ಹುಲ್ಲನ್ನು ನುಂಗಿ, ಇಟ್ಟಿಗೆಯ ಆಕಾರಕ್ಕೆ ಒತ್ತಿ, ಎಡಕ್ಕೊಂದು ಬಲಕ್ಕೊಂದು ಹುರಿ ಸುತ್ತಿ, ತಾನೇ ಗಂಟು ಹಾಕಿ ಹಿಂದಕ್ಕೆ ತಳ್ಳುತ್ತದೆ. ಡಬ್ಬಿಯೊಂದರಲ್ಲಿ ಅದರ ಕೈಪಿಡಿ ಸಿಕ್ಕಿತು. ಒಂದು ಪುಟಕ್ಕೂ ಗ್ರೀಸಿನ ಬೆರಳು ತಾಗಿರಲಿಲ್ಲ. ದೊಡ್ಡಪ್ಪ ಅದನ್ನು ತೆರೆದೇ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಓದುವುದು ನನಗೆ ಬರುತ್ತಿದ್ದ ಕೆಲಸ.

ಎರಡು ದಿನ ಚಿತ್ರ ನೋಡಿಕೊಂಡು ಯಂತ್ರವನ್ನು ತಿಕ್ಕಿದೆ, ಎಣ್ಣೆ ಬಿಟ್ಟೆ. ದೊಡ್ಡಪ್ಪ ಅಲ್ಲಲ್ಲಿ ಮಾಡಿದ್ದ ತೇಪೆಗಳನ್ನು ನೋಡಿ ನಾಚಿಕೆಯಾಯಿತು. ತಂತಿ ಸುತ್ತಿದ ಬೋಲ್ಟು, ಡಬ್ಬದ ತಗಡಿನ ಮುಚ್ಚಳ. ಎಡಗಡೆ ಗಂಟು ಹಾಕುವ ಉಕ್ಕಿನ ಕೈಯ ಕೆಳಗೆ ಕೊಳಕು ತೊಗಲಿನ ತುಂಡೊಂದನ್ನು ತುರುಕಿದ್ದರು. ಕೈಪಿಡಿಯಲ್ಲಿ ತೊಗಲಿರಲಿಲ್ಲ. ಕಿತ್ತು ಕಸದ ಜೊತೆ ಸುಟ್ಟೆ. ಎಲ್ಲ ಮುಗಿದಾಗ ಯಂತ್ರ ಚಿತ್ರದಲ್ಲಿದ್ದ ಹಾಗೇ ಕಾಣುತ್ತಿತ್ತು.

ಬುಧವಾರ ಕೊಯ್ದೆ. ಮೊದಲ ಸುತ್ತಿನಲ್ಲಿ ಕತ್ತರಿಯ ಹಲ್ಲಿಗೆ ಹುಲ್ಲು ಸಿಕ್ಕಿ ಏಳು ಸಲ ನಿಂತಿತು. ಪ್ರತಿಸಲವೂ ಎಂಜಿನ್ ನಿಲ್ಲಿಸಿ, ಇಳಿದು, ಬಿಡಿಸಿ, ಹತ್ತಿದೆ. ಎಂಟನೆಯ ಸಲ ದೊಡ್ಡಮ್ಮ ಬದುವಿನ ಮೇಲಿನಿಂದ, "ನಿಧಾನ ಹೋದ್ರೆ ಅಗಿಯುತ್ತೆ. ಜೋರು ಬಿಡು, ಕೊಯ್ಯುತ್ತೆ," ಎಂದು ಕೂಗಿದಳು. ಜೋರು ಬಿಟ್ಟೆ. ಹುಲ್ಲು ಅಲೆಯಂತೆ ಮಲಗಿತು.

ಗುರುವಾರ ತಿರುವಿ ಹಾಕಿದೆವು. ಶುಕ್ರವಾರ ಮಧ್ಯಾಹ್ನಕ್ಕೆ ಹೊಲವೆಲ್ಲ ಸಾಲುಗಳು, ಮೇಲೆ ಬಣ್ಣ ಬಿಟ್ಟ ಗರಿಗರಿ ಹುಲ್ಲು. ಚಿಕ್ಕಪ್ಪ ರಸ್ತೆಯಲ್ಲಿ ಜೀಪು ನಿಲ್ಲಿಸಿ ಬಂದರು.

"ಏನಮ್ಮ ಎಂ.ಎ., ಇನ್ನೂ ಯಾಕೆ ಬಿಟ್ಕೊಂಡಿದ್ದೀಯ? ನಾಳೆ ಸಾಯಂಕಾಲ ಮಳೆ. ಗಾಳಿ ಬಂದಾಗ ತೂರಿಕೋಬೇಕು."

ನಾನು ಟ್ರ್ಯಾಕ್ಟರ್ ಹತ್ತಲು ಹೊರಟೆ. ದೊಡ್ಡಮ್ಮ ಸಾಲಿನ ಅಡಿಯಿಂದ ಒಂದು ಹಿಡಿ ಹುಲ್ಲು ಎಳೆದು, ಹಗ್ಗದಂತೆ ಹಿಂಡಿ, ಕೆನ್ನೆಗೆ ಒತ್ತಿಕೊಂಡಳು.

"ಕಡ್ಡಿಯೊಳಗೆ ಇನ್ನೂ ಹಸಿ ಇದೆ. ಈಗ ಕಟ್ಟಿದ್ರೆ ಅಟ್ಟದಲ್ಲಿ ತಾನೇ ಕಾದು ಬೆಂಕಿ ಹತ್ತುತ್ತೆ. ನಾಳೆ ಬಿಸಿಲೇರಿದ ಮೇಲೆ."

"ನಾಳೆ ಮಳೆ ಬಂದ್ರೆ?"

"ಬಂದ್ರೆ ನೆನೆಯುತ್ತೆ," ಎಂದು ಹೊರಟೇಹೋದಳು.

ಶನಿವಾರ ಹನ್ನೊಂದಕ್ಕೆ ಮೊದಲ ಪೆಂಡಿ ಹೊರಬಂತು. ನೆಲಕ್ಕೆ ಬಿದ್ದದ್ದೇ ಎಡಗಡೆಯ ಹುರಿ ಬಿಚ್ಚಿಕೊಂಡು ಬಾಯಿ ತೆರೆಯಿತು. ಎರಡನೆಯದೂ ಹಾಗೇ. ಮೂರನೆಯದೂ. ನಾನು ಎಂಜಿನ್ ನಿಲ್ಲಿಸಿ ಕೈಪಿಡಿಯ ಮೂವತ್ತನೇ ಪುಟ ತೆರೆದೆ. ಹುರಿ ಸರಿಯಾಗಿ ಪೋಣಿಸಿತ್ತು. ಬಿಗಿಯೂ ಸರಿಯಿತ್ತು. ಎಲ್ಲವೂ ಸರಿಯಿತ್ತು, ಗಂಟು ಬೀಳುತ್ತಿರಲಿಲ್ಲ. ಬದುವಿನಾಚೆ ಜೀಪು ನಿಂತಿತ್ತು. ಚಿಕ್ಕಪ್ಪ ಇಳಿಯದೆ, "ಪುಸ್ತಕದ ಬದನೆಕಾಯಿ ಬೇಯ್ತಾ?" ಎಂದು ಕೂಗಿದರು. ನೈರುತ್ಯದಲ್ಲಿ ಮೋಡದ ಅಂಚು ಎದ್ದಿತ್ತು. ಒಂದು ಗಂಟೆ ಕಳೆಯಿತು.

ದೊಡ್ಡಮ್ಮ ಯಂತ್ರದ ಹಿಂದೆ ಬಂದು ನಿಂತಳು. "ಇನ್ನೊಂದು ಸಲ ಓಡಿಸು."

ಓಡಿಸಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ನಿಲ್ಲಿಸಿದಾಗ, "ಟಕ್ ಅಂತ ಎರಡು ಸಲ ಬರಬೇಕು, ಬಲಕ್ಕೊಂದು ಎಡಕ್ಕೊಂದು. ಎಡಗಡೆಯದು ಬಾಯೇ ಬಿಡ್ತಿಲ್ಲ," ಎಂದಳು.

"ನಿಮಗೆ ಹೇಗೆ ಗೊತ್ತು?"

"ಮೂವತ್ತು ವರ್ಷ ಇದರ ಹಿಂದೆ ನಡೀತಾ ಪೆಂಡಿ ಹೊತ್ತಿದ್ದೀನಿ ಕಣೇ. ಮುಟ್ಟೋಕೆ ಬಿಡ್ತಿರಲಿಲ್ಲ ಅವರು. ಕಿವಿ ಮುಚ್ಕೋ ಅಂತ ಮಾತ್ರ ಅನ್ನಲಿಲ್ಲ." ಬಗ್ಗಿ ಎಡಗಡೆಯ ಉಕ್ಕಿನ ಕೈಯ ಕೆಳಗೆ ನೋಡಿ ಕೇಳಿದಳು: "ಅಲ್ಲಿಂದ ಏನಾದ್ರೂ ತೆಗೆದ್ಯಾ?"

ಸುಳ್ಳು ಹೇಳಬಹುದಿತ್ತು. "ಒಂದು ತೊಗಲಿನ ತುಂಡಿತ್ತು. ಪುಸ್ತಕದಲ್ಲಿ ಇರಲಿಲ್ಲ. ಸುಟ್ಟುಬಿಟ್ಟೆ."

ಬೈಯಬೇಕಿತ್ತು. ಅದರ ಬದಲು ಅವಳು ನಗತೊಡಗಿದಳು, ಭುಜ ಕುಲುಕುವಷ್ಟು.

"ಪ್ರತಿ ಬೇಸಿಗೆ ನನ್ನ ಹಳೇ ಚಪ್ಪಲಿ ಕೇಳಿ ಇಸ್ಕೊಂಡು ಹೋಗ್ತಿದ್ರು. ಯಾಕೆ ಅಂದ್ರೆ ನಿನಗ್ಯಾಕೆ ಅಂತಿದ್ರು. ಇದಕ್ಕಾ!"

ಆ ಉಕ್ಕಿನ ಕೈ ಸವೆದುಹೋಗಿತ್ತು. ಸವೆದಷ್ಟನ್ನು ತುಂಬಲು ತೊಗಲು. ಕೈಪಿಡಿಯಲ್ಲಿದ್ದದ್ದು ಹೊಸ ಯಂತ್ರ. ನನ್ನೆದುರಿಗಿದ್ದದ್ದು ದೊಡ್ಡಪ್ಪ ಮೂವತ್ತು ವರ್ಷ ಸವೆಸಿ, ಸವೆದಲ್ಲೆಲ್ಲ ತುಂಬಿದ ಯಂತ್ರ. ನಾನು ಅದನ್ನು ಶುಚಿ ಮಾಡಿ ಕೆಡಿಸಿದ್ದೆ.

ದೊಡ್ಡಮ್ಮ ಎಡಗಾಲಿನ ಚಪ್ಪಲಿ ಕಳಚಿದಳು. ಹೊಸದೇ. ಹುರಿ ಕತ್ತರಿಸುವ ಚಾಕುವಿನಿಂದ ಹಿಮ್ಮಡಿಯ ತೊಗಲನ್ನು ಎರಡು ಬೆರಳಗಲ ಕೊಯ್ದು ಕೊಟ್ಟಳು. ತುರುಕಿದೆ. ತಂತಿ ಬಿಗಿದೆ. ಓಡಿಸಿದೆ. ಟಕ್. ಟಕ್. ಪೆಂಡಿ ಬಿತ್ತು. ಬಿಚ್ಚಲಿಲ್ಲ.

ಆದರೆ ತೊಗಲು ಪದೇ ಪದೇ ಜರುಗುತ್ತಿತ್ತು. ಯಾರಾದರೂ ಹಿಂದೆ ನಡೆಯುತ್ತಾ ಆಲಿಸಬೇಕಿತ್ತು. ಸದ್ದು ತಪ್ಪಿದರೆ ಕೂಗಿ ನಿಲ್ಲಿಸಬೇಕಿತ್ತು. ಕೊಯ್ದ ಹೊಲದ ಕೂಳೆ ಮೊಳೆಯಂತೆ ನಿಂತಿರುತ್ತದೆ. ಎಡಗಾಲು ಬರಿದಾಗಿದ್ದ ದೊಡ್ಡಮ್ಮ ಹತ್ತು ಹೆಜ್ಜೆ ಇಟ್ಟು ನಿಂತುಬಿಟ್ಟಳು.

"ಇಳಿ ಕೆಳಗೆ."

"ಏನು?"

"ನಿನ್ನ ಕಾಲಲ್ಲಿ ಬೂಟಿದೆ, ನೀನು ನಡಿ. ನಾನು ಮೇಲೆ ಕೂತ್ಕೋತೀನಿ."

"ನಿಮಗೆ ಓಡಿಸೋಕೆ..."

"ಬರಲ್ಲ. ನಿನಗೆ ಪೆಂಡಿ ಕಟ್ಟೋಕೆ ಬರ್ತಿತ್ತಾ? ಕಾಲಿಗೆ ಏನೇನು ಸಿಗುತ್ತೆ ಅಲ್ಲಿ, ಹೇಳು."

ಐದು ನಿಮಿಷದಲ್ಲಿ ಕ್ಲಚ್ಚು, ಬ್ರೇಕು ತೋರಿಸಿದೆ. ಮೊದಲ ಜರ್ಕಿಗೆ ಅವಳ ತಲೆಬಟ್ಟೆ ಹಾರಿ ಹೊಲಕ್ಕೆ ಬಿತ್ತು. ಎರಡನೆಯ ಜರ್ಕಿಗೆ ಗಾಡಿ ಹೊರಟಿತು. ಬದುವಿನಾಚೆ ಚಿಕ್ಕಪ್ಪ ಜೀಪಿನಿಂದ ಇಳಿದು ಓಡಿಬಂದರು.

"ಅತ್ತಿಗೆ! ಇಳೀರಿ! ಅಣ್ಣ ಇದ್ದಿದ್ರೆ ಇದಕ್ಕೆಲ್ಲ ಬಿಡ್ತಿದ್ನಾ?"

"ಬಿಡ್ತಿರಲಿಲ್ಲ!" ಎಂದು ದೊಡ್ಡಮ್ಮ ಎಂಜಿನ್ನಿನ ಮೇಲೆ ಕೂಗಿದಳು. "ದಾರಿ ಬಿಡೋ! ಬ್ರೇಕಿನ ಮೇಲೆ ಇನ್ನೂ ನಂಬಿಕೆ ಇಲ್ಲ ನಂಗೆ!"

ಚಿಕ್ಕಪ್ಪ ಪಕ್ಕಕ್ಕೆ ಹಾರಿದರು.

ನಾನು ಹಿಂದೆ ನಡೆದೆ. ಧೂಳು, ಹುಲ್ಲಿನ ಚೂರು, ಕಿವಿಗಡಚಿಕ್ಕುವ ಗದ್ದಲ. ಅದರೊಳಗೆ ಎರಡು ಸಣ್ಣ ಸದ್ದುಗಳನ್ನು ಹುಡುಕಬೇಕು. ಮೊದಲ ಸಾಲು ಮುಗಿಯುವವರೆಗೆ ಏನೂ ಕೇಳಿಸಲಿಲ್ಲ. ಕಣ್ಣಲ್ಲೇ ಗಂಟು ನೋಡಿಕೊಂಡೆ. ಎರಡನೆಯ ಸಾಲಿನ ನಡುವೆ ಗದ್ದಲ ತಾನಾಗಿ ಹಿಂದೆ ಸರಿಯಿತು. ಟಕ್, ಟಕ್. ಮೌನ ಎಂದರೆ ಸದ್ದಿಲ್ಲದಿರುವುದು ಎಂದು ಅಷ್ಟು ವರ್ಷ ನಂಬಿದ್ದೆ. ಈ ಹೆಂಗಸು ಇಷ್ಟು ಸದ್ದಿನ ಹಿಂದೆ ನಡೆಯುತ್ತಾ ಅದನ್ನು ಕಲಿತಿದ್ದಳು. ಎಡಗಡೆಯದು ತಪ್ಪಿದಾಗಲೆಲ್ಲ "ನಿಲ್ಲಿಸಿ!" ಎನ್ನುತ್ತಿದ್ದೆ. ಅವಳು ಎಂಜಿನ್ ಆರಿಸುವಳು. ನಾನು ತೊಗಲನ್ನು ಒಳಗೆ ತಳ್ಳುವೆ. ಮತ್ತೆ ಜರ್ಕು.

ಐದೂವರೆಗೆ ಮಳೆ ಬಿತ್ತು. ಕೊನೆಯ ನಾಲ್ಕು ಸಾಲುಗಳು ಹೊಲದಲ್ಲೇ ನೆನೆದವು. ಕಟ್ಟಿದ್ದನ್ನೆಲ್ಲ ಟ್ರೇಲರಿಗೆ ಹೇರಿ ಟಾರ್ಪಾಲು ಎಳೆದು ತಂದೆವು. ಕೊನೆಯ ಹೇರಿನಲ್ಲಿ ಚಿಕ್ಕಪ್ಪನೂ ಕೈಹಾಕಿದರು.

ಮಾರನೆಯ ಬೆಳಿಗ್ಗೆ ಲಾರಿ ಬಂತು. ಚಿಕ್ಕಪ್ಪ ಹೇಳಿದ ಮಾತಿಗೆ ತಪ್ಪುವವರಲ್ಲ. ಅಟ್ಟ ಹತ್ತಿ, ಪೆಂಡಿಗಳ ಮೇಲೆ ನಿಂತು, ಕಿಟಕಿಗೂ ಹುಲ್ಲಿಗೂ ನಡುವಿನ ಗೋಡೆಯನ್ನು ಗೇಣಿನಿಂದ ಅಳೆದರು.

"ಮೂರು ಗೇಣು ಕಡಿಮೆ ಇದೆ ಅತ್ತಿಗೆ. ಕಿಟಕಿವರೆಗೆ ಅಂತ ನೀವೇ ಹೇಳಿದ್ದು."

ಅದು ನಿಜವೇ.

"ಹೌದು, ಹೇಳಿದ್ದೆ," ಎಂದಳು ದೊಡ್ಡಮ್ಮ ಏಣಿಯ ಬುಡದಲ್ಲಿ ನಿಂತು. "ಆಗ ನನಗೆ ಟ್ರ್ಯಾಕ್ಟರ್ ಬರ್ತಿರಲಿಲ್ಲ. ಎರಡನೇ ಕೊಯ್ಲಿಗೆ ಇನ್ನು ಆರು ವಾರ. ಆ ಮೂರು ಗೇಣು ಆಗ ತುಂಬ್ತೀವಿ."

"ಕೊಟ್ಟ ಮಾತು..."

"ನನ್ನ ಮಾತು ನಾನೇ ತಿರುಗಿಸ್ತೀನಿ. ನಿನಗೇನು ಕಷ್ಟ? ಲಾರಿ ಹಿಂದೆ ತೆಗಿ. ಹಸುಗಳನ್ನ ಹೊರಗೆ ಬಿಡೋ ಹೊತ್ತಾಯ್ತು, ಬಾಗಿಲಿಗೆ ಅಡ್ಡ ನಿಂತಿದೆ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಅವರು ಇಳಿಯಲೆಂದು ನಾನು ಏಣಿ ಹಿಡಿದುಕೊಂಡೆ. ಅವರು ಲಾರಿ ಹತ್ತಿ ರಿವರ್ಸ್ ಹಾಕಿದರು. ದೊಡ್ಡಮ್ಮ ಕೊಟ್ಟಿಗೆಯ ಅಗುಳಿ ಸರಿಸಿದಳು. ಒಂಬತ್ತೂ ಒಂದರ ಹಿಂದೊಂದು ನೆನೆದ ಅಂಗಳಕ್ಕೆ ಇಳಿದವು. ಇನ್ನೂ ಪೂರ್ತಿ ಸರಿದಿರದ ಲಾರಿಯ ಪಕ್ಕದಲ್ಲೇ ಮೈ ಉಜ್ಜಿಕೊಂಡು ಹಾದುಹೋದವು.