ಮೆಟ್ಟಿಲ ದೀಪಕ್ಕೆ ಎರಡು ಕೀಲಿ

ಹಯವದನರು ವಡೋದರಾಕ್ಕೆ ವರ್ಗವಾಗಿ ಬಂದು, ಅಲಕಾಪುರಿಯ ಬ್ಯಾಂಕ್ ಶಾಖೆಗೆ ಚೀಫ್ ಮ್ಯಾನೇಜರ್ ಆದ ಮೇಲೆ ಜಗತ್ತಿನಲ್ಲಿ ತಮಗೆ ಬಾರದ ಕೆಲಸವಿದೆ ಎಂಬ ಅನುಮಾನವನ್ನೇ ಬಿಟ್ಟುಬಿಟ್ಟಿದ್ದರು. ಬಾಡಿಗೆ ಮನೆಯ ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್. ಎಲ್ಲಿಂದ ಬೇಕಾದರೂ ಹಚ್ಚಬಹುದು, ಆರಿಸಬಹುದು. ಮೇಲಿನದು ಮುರಿಯಿತು. ಮಂಡಿನೋವಿನ ಹೆಂಡತಿ ಇಂದುಮತಿ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಲು ಹೊರಟದ್ದೇ ತಪ್ಪಾಯಿತು.

"ಇಡೀ ಬ್ರ್ಯಾಂಚ್ ನಡಸ್ತೀನಿ, ಒಂದು ಸ್ವಿಚ್ ಹಾಕ್ಲಿಕ್ಕೆ ಬರಂಗಿಲ್ಲೇನು ನನಗ?"

ಮೇನ್ ಇಳಿಸಿದರು. ಅಷ್ಟು ಬುದ್ಧಿ ಇತ್ತು. ಇಂದುಮತಿ ಟಾರ್ಚ್ ಹಿಡಿದಳು. ಹಳೆಯ ಸ್ವಿಚ್ಚಿನ ಬೆನ್ನಿಗೆ ಮೂರು ವಾಯರ್: ನಡುವೆ ಕೆಂಪು, ಎರಡು ತುದಿಗೆ ಎರಡು ಹಳದಿ. ಸಾಹೇಬರು ತಂದ ಹೊಸದಕ್ಕೆ ಇದ್ದದ್ದು ಎರಡೇ ತೂತು.

"ಮೂರು ವಾಯರ್ ಅದಾವಲ್ರೀ?"

"ಒಂದು ಹೆಚ್ಚಿಂದು. ನೀ ಟಾರ್ಚ್ ನೆಟ್ಟಗ ಹಿಡಿ."

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದ್ದನ್ನೆಲ್ಲ ಸಸ್ಪೆನ್ಸ್ ಖಾತೆಗೆ ತಳ್ಳಿ ಅಭ್ಯಾಸವಾದ ಕೈ. ಒಂದು ಹಳದಿ ವಾಯರಿಗೆ ಟೇಪ್ ಸುತ್ತಿ ಗೋಡೆಯೊಳಗೆ ತುರುಕಿದರು.

ದೀಪ ಹತ್ತಿತು, ಆದರೆ ಕೆಳಗಿನ ಸ್ವಿಚ್ ಒಂದು ಕಡೆಗೆ ಇದ್ದಾಗ ಮಾತ್ರ. ಅದು ಇನ್ನೊಂದು ಕಡೆಗಿದ್ದರೆ ಮೇಲಿನದನ್ನು ಎಷ್ಟು ಒತ್ತಿದರೂ ಕತ್ತಲೆಯೇ. ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ಹಯವದನರು ಅದನ್ನು ಪದ್ಧತಿ ಮಾಡಿದರು.

"ನಮ್ಮ ಸ್ಟ್ರಾಂಗ್ ರೂಮ್ ಇಬ್ಬರ ಕೀಲಿ ಕೂಡಿದ್ರನ ತೆಗೀತದ. ಇದೂ ಹಂಗ. ಸೇಫ್ಟಿ!"

ಸ್ಟ್ರಾಂಗ್ ರೂಮಿನಲ್ಲಿ ಬಂಗಾರ ಇರುತ್ತದೆ. ಮೆಟ್ಟಿಲ ಮೇಲೆ ಇದ್ದದ್ದು ಇಂದುಮತಿಯ ಮಂಡಿ. ಅಂದಿನಿಂದ ಆಕೆ ಸಂಜೆ ಕೆಳಗಿಳಿಯಬೇಕಾದರೆ ಮೇಲೆ ನಿಂತು "ರೀ, ಕೆಳಗಿಂದು ಒತ್ರೀ" ಎಂದು ಕೂಗಬೇಕು. ಟಿವಿಯಲ್ಲಿ ಚರ್ಚೆ ಮುಗಿಯುವ ತನಕ ಸಾಹೇಬರ ಮಂಜೂರಾತಿ ಬರುತ್ತಿರಲಿಲ್ಲ. ಒಂದು ಸಂಜೆ ಅವರು ಕೆಳಗಿನದನ್ನು ಒತ್ತಿ ಆರಿಸಿ ವಾಕಿಂಗ್ ಹೋದರು. ಕೆಳಗೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಲೇ ಇತ್ತು. ಇಂದುಮತಿ ಕತ್ತಲಲ್ಲೇ ಇಳಿಯಲು ಹೋಗಿ ಎರಡು ಮೆಟ್ಟಿಲು ಜಾರಿದಳು. ಮಂಡಿ ಊದಿಕೊಂಡಿತು.

"ನಾ ಬರೂ ತನಕ ತಡೀಬೇಕಿತ್ತು," ಎಂದರು ಹಯವದನರು, ಮುಲಾಮು ಸಹ ಮುಟ್ಟದೆ.

ನೋವಿಗಿಂತ ಆ ಮಾತು ಹೆಚ್ಚು ಉರಿಯಿತು. ಮರುದಿನ ಆಕೆ ಮುರಿದ ಹಳೆಯ ಸ್ವಿಚ್ಚನ್ನು ಸೆರಗಿಗೆ ಕಟ್ಟಿಕೊಂಡು ಆಟೋದಲ್ಲಿ ಹೋಗಿ, ಅಂಗಡಿಯಲ್ಲಿ ತೋರಿಸಿ, ಅಂಥದ್ದೇ ಮೂರು ತೂತಿನದನ್ನು ತಂದಳು. ಮೇನ್ ಇಳಿಸಿ, ಗೋಡೆಯ ಮುಂದೆ ಸ್ಟೂಲು ಹಾಕಿ ಕುಳಿತಳು. ಎರಡು ಹಳದಿ ವಾಯರ್ ಎಂದರೆ ಕೆಳಗಿನಿಂದ ಮೇಲೆ ಬರುವ ಎರಡು ದಾರಿ. ಕೆಳಗಿನ ಸ್ವಿಚ್ ಕರೆಂಟನ್ನು ಒಂದು ದಾರಿಗೆ ಬಿಡುತ್ತದೆ. ಮೇಲಿನದೂ ಅದೇ ದಾರಿ ಹಿಡಿದರೆ ಕರೆಂಟು ಕೆಂಪು ವಾಯರಿನಿಂದ ದೀಪಕ್ಕೆ ಹೋಗುತ್ತದೆ. ಗಂಡ ಒಂದು ದಾರಿಯನ್ನೇ ಮುಚ್ಚಿ ಕೂತಿದ್ದ. ಇಷ್ಟೇನಾ ಎಂದು ಆಕೆಗೆ ನಗುವೂ ಬಂತು, ಸಿಟ್ಟೂ ಬಂತು. ಟೇಪ್ ಬಿಚ್ಚಿದಳು, ಕೆಂಪನ್ನು ನಡುವೆ, ಹಳದಿಗಳನ್ನು ಎರಡು ತುದಿಗೆ ಸಿಕ್ಕಿಸಿ ಸ್ಕ್ರೂ ಬಿಗಿದಳು.

ಸಂಜೆ ಹಯವದನರು ಕೆಳಗಿನ ಸ್ವಿಚ್ ಒತ್ತಿ, ದೀಪ ಹಚ್ಚಿ, ಕನ್ನಡ ಸಂಘದ ಬಾಲಕೃಷ್ಣರ ಜೊತೆ ಫೋನಿನಲ್ಲಿ ಮಾತಾಡುತ್ತ ಮೆಟ್ಟಿಲು ಹತ್ತತೊಡಗಿದರು. "ಎಲೆಕ್ಟ್ರಿಷಿಯನ್ ಯಾಕ ಬೇಕ್ರೀ? ನಮ್ಮನ್ಯಾಗ ನಾನ ಹಾಕೀನಿ ಸ್ವಿಚ್. ಎರಡು ಕೀಲಿ ಪದ್ಧತಿ..."

ನಡುಮೆಟ್ಟಿಲಿಗೆ ಬಂದಾಗ ದೀಪ ಆರಿತು.

"ಇಂದೂ! ಯಾರು ಆರಿಸಿದ್ದು?"

"ನಾನ." ಮೇಲಿನ ಸ್ವಿಚ್ಚಿನ ಹತ್ತಿರದಿಂದ ಉತ್ತರ ಬಂತು.

"ಹಚ್ಚು ಮೊದಲ! ಏನೂ ಕಾಣಸವಲ್ದು, ಬಿದ್ದೇನು!"

"ಕೆಳಗ ಇಳದು ನೀವ ಹಚ್ಚಿಕೋರಿ. ನನ್ನ ಕೇಳೂದು ಬ್ಯಾಡ. ಇನ್ನ ಮ್ಯಾಲ ನಾನೂ ನಿಮ್ಮನ್ನ ಕೇಳಂಗಿಲ್ಲ."

ಫೋನಿನಲ್ಲಿ ಬಾಲಕೃಷ್ಣರು ಹಲೋ ಹಲೋ ಎನ್ನುತ್ತಿದ್ದರು. ಚೀಫ್ ಮ್ಯಾನೇಜರ್ ಸಾಹೇಬರು ಗೋಡೆ ತಡವುತ್ತ, ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಕೆಳಗಿಳಿದರು.